ಸಲಹೆ ಪೆಟ್ಟಿಗೆ ಸಾಲದು, ಸಭೆ ಬೇಕು

ಬೆಂಗಳೂರಿನ ವಿಜಯನಗರದಿಂದ ಓದುಗರೊಬ್ಬರು ಬರೆದಿದ್ದಾರೆ. ಪಾಲಿಕೆಯವರು ಬಜೆಟ್‌ಗೆ ಮುನ್ನ ಸಲಹೆ ಕೇಳಿದಾಗಲೆಲ್ಲ ಅವರು ತಮ್ಮ ರಸ್ತೆಗೆ ಫುಟ್‌ಪಾತ್ ಬೇಕೆಂದು ಬರೆದು ಕಳಿಸಿದರಂತೆ. ಆದದ್ದು ಬಡಾವಣೆಯ ಬಾಗಿಲಿಗೊಂದು ಕಮಾನು. ‘ಜನರನ್ನು ಕೇಳುವ ಈ ಶಾಸ್ತ್ರ ಬಿಟ್ಟು ಎಲ್ಲವನ್ನೂ ಎಂಜಿನಿಯರುಗಳಿಗೇ ವಹಿಸಿದರೆ ಒಳ್ಳೆಯದಲ್ಲವೇ?’ ಎಂದು ಅವರ ಪ್ರಶ್ನೆ.

ನಿಮ್ಮ ಬೇಸರ ನ್ಯಾಯವಾದದ್ದೇ. ರಾಜಕಾಲುವೆಯ ಅಗಲವನ್ನೋ ಕಾವೇರಿ ನೀರಿನ ಕೊಳವೆಯ ಅಳತೆಯನ್ನೋ ಕೈಯೆತ್ತಿಸಿ ತೀರ್ಮಾನಿಸಲಾಗದು, ಒಪ್ಪೋಣ. ಆದರೆ ಯಾವ ಬೀದಿಗೆ ಮೊದಲು ದುಡ್ಡು ಹೋಗಬೇಕು ಎಂಬುದಕ್ಕೆ ಎಂಜಿನಿಯರಿಂಗ್ ಪುಸ್ತಕದಲ್ಲಿ ಉತ್ತರ ಸಿಗುವುದಿಲ್ಲ. ಅದನ್ನು ಅಲ್ಲಿ ಬದುಕುವವರೇ ಕೂತು ಮಾತಾಡಬೇಕು.

ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರ 1989ರಲ್ಲಿ ಈ ಕೆಲಸಕ್ಕೆ ಕೈಹಾಕಿತು. ಊರನ್ನು ಹದಿನಾರು ಪ್ರದೇಶಗಳಾಗಿ ವಿಂಗಡಿಸಿ, ಎಲ್ಲರಿಗೂ ತೆರೆದ ಸಭೆಗಳಲ್ಲಿ ಜನರೇ ಚರಂಡಿಯೋ ರಸ್ತೆಯೋ ಶಾಲೆಯೋ ಎಂದು ಸರದಿ ಹಚ್ಚಿದರು. ಎಷ್ಟು ಜನಸಂಖ್ಯೆ, ಎಷ್ಟು ಕೊರತೆ, ಜನ ಯಾವುದಕ್ಕೆ ಮೊದಲ ಸ್ಥಾನ ಕೊಟ್ಟಿದ್ದಾರೆ ಎಂಬುದನ್ನೆಲ್ಲ ಅಂಕಗಳಲ್ಲಿ ಅಳೆದು ಹಣ ಹಂಚಿದರು. ನನಗೆ ಅತಿ ಪ್ರಿಯವಾದ ವಿವರ ಬೇರೆಯಿದೆ. ಮತ ಹಾಕುವ ಮೊದಲು, ಆ ಸಭೆಗಳು ಆರಿಸಿದ ಪ್ರತಿನಿಧಿಗಳು ಬಸ್ಸು ಹತ್ತಿ ಒಬ್ಬರ ಕೇರಿಯನ್ನೊಬ್ಬರು ನೋಡಿ ಬರುತ್ತಿದ್ದರು. ತನ್ನ ಬೀದಿಗೆ ಡಾಂಬರು ಕೇಳಲು ಹೊರಟವನು ಇನ್ನೊಂದು ಕಡೆ ಕೊಳಚೆ ಮನೆಯೊಳಗೇ ಹರಿಯುವುದನ್ನು ಕಣ್ಣಾರೆ ಕಂಡು ಬರುತ್ತಿದ್ದ.

ನಮ್ಮಲ್ಲೂ ಇದು ಆಗದ ಮಾತಲ್ಲ. ಒಂದು ವಾರ್ಡ್ ಸಮಿತಿ ಸಭೆಗೆ ಹೋಗಿದ್ದೆ. ಶನಿವಾರ ಬೆಳಿಗ್ಗೆ, ಕಾರ್ಯಸೂಚಿ ಇಂಗ್ಲಿಷಿನಲ್ಲಿ, ಬಂದವರಲ್ಲಿ ಹೆಚ್ಚಿನವರು ನಿವೃತ್ತರು. ಚರ್ಚೆಯೆಲ್ಲ ಪಾರ್ಕಿನ ಅಲಂಕಾರದ ದೀಪಗಳದು. ಬಾಗಿಲ ಬಳಿ ಹೂವಿನ ಬುಟ್ಟಿ ಇಟ್ಟುಕೊಂಡು ನಿಂತಿದ್ದ ಹೆಂಗಸೊಬ್ಬರು ಕೊನೆಗೆ ಬಾಯಿಬಿಟ್ಟರು: ‘ಸಾರ್, ನಮ್ ಕೇರೀಲಿ ಮೋರಿ ಮೇಲೆ ಚಪ್ಪಡಿನೇ ಇಲ್ಲ. ಮಳೆ ಬಂದ್ರೆ ರೋಡ್ ಯಾವ್ದು, ಮೋರಿ ಯಾವ್ದು ಗೊತ್ತಾಗಲ್ಲ. ಮಕ್ಳು ಸ್ಕೂಲಿಗೆ ಅಲ್ಲೇ ಹೋಗ್ಬೇಕು.’ ದೀಪ ಕೇಳುತ್ತಿದ್ದ ಹಿರಿಯರೇ ಎದ್ದು, ‘ಮೊದಲು ಆ ಚಪ್ಪಡಿ ಹಾಕಿಸಿ, ನಮ್ಮದು ಆಮೇಲೆ’ ಎಂದರು. ಮೊಬೈಲಿನಲ್ಲಿ ಸಲಹೆ ತುಂಬುವಾಗ ಆ ಹಿರಿಯರಿಗೆ ಆ ಕೇರಿ ಕಾಣುತ್ತಿತ್ತೇ? ನಿಮ್ಮ ಅರ್ಜಿಯೂ ಹಾಗೆಯೇ ಒಂಟಿಯಾಗಿ ಹೋಗಿ ಒಂಟಿಯಾಗಿಯೇ ಸತ್ತಿತು.

ಕಾನೂನಿಲ್ಲವೆಂದಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಮೂರು ಲಕ್ಷಕ್ಕೆ ಮೇಲ್ಪಟ್ಟ ಜನರಿರುವ ನಗರಗಳಿಗೆ ವಾರ್ಡ್ ಸಮಿತಿ ಇರಬೇಕೆಂದಿತು. ಕರ್ನಾಟಕ 2011ರಲ್ಲಿ ಪಾಲಿಕೆ ಕಾಯ್ದೆಗೆ ತಿದ್ದುಪಡಿ ತಂದು ವಾರ್ಡ್ ಸಮಿತಿಯ ಜೊತೆ, ವಾರ್ಡಿನೊಳಗೆ ಆಯಾ ಭಾಗದ ಮತದಾರರು ಸೇರುವ ಏರಿಯಾ ಸಭೆಯನ್ನೂ ಸೇರಿಸಿತು. ಆದರೆ ಸಮಿತಿಯ ತೀರ್ಮಾನವನ್ನು ತಳ್ಳಿಹಾಕುವ ಅಧಿಕಾರವನ್ನು ಕಾರ್ಪೊರೇಟರ್ ಕೈಗೇ ಕೊಟ್ಟಿತು! ಆ ಸಮಿತಿಗಳಾದರೂ ಸರಿಯಾಗಿ ಸೇರಲು ಜನ ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಚುನಾಯಿತ ಕೌನ್ಸಿಲ್ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳೇ ಬಜೆಟ್ ಮಂಡಿಸಿದರು. ಪಾಲಿಕೆಯನ್ನು ಐದಾಗಿ ಒಡೆದದ್ದೂ ಆ ಖಾಲಿತನದಲ್ಲೇ.

ರಾಜ್ಯದ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ 1980ರ ದಶಕದಲ್ಲಿ ಹಳ್ಳಿಗೆ ಅಧಿಕಾರ ಕೊಟ್ಟಾಗ ‘ಹಳ್ಳಿಯವರಿಗೇನು ತಿಳಿಯುತ್ತದೆ’ ಎಂದವರಿದ್ದರು. ಇವತ್ತು ಗ್ರಾಮಸಭೆಯಲ್ಲಿ ಎದ್ದುನಿಂತು ಲೆಕ್ಕ ಕೇಳುವ ಹಕ್ಕು ಹಳ್ಳಿಯ ಹೆಣ್ಣುಮಗಳಿಗಿದೆ. ಅವಳೇ ನಗರಕ್ಕೆ ಬಂದು ಬಾಡಿಗೆ ಮನೆ ಹಿಡಿದರೆ ಅವಳ ಮಾತಿಗೆ ಜಾಗವಿಲ್ಲ. ನಮ್ಮ ನಿವಾಸಿಗಳ ಸಂಘಗಳೂ ಎಷ್ಟೋ ಕಡೆ ಸೈಟು ಉಳ್ಳವರನ್ನೇ ನಿವಾಸಿಗಳೆಂದು ಎಣಿಸುತ್ತವೆ. ಇದು ನನ್ನನ್ನು ಬಹಳ ಕಾಡುತ್ತದೆ.

ಇನ್ನೊಂದು ಮಾತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಇಷ್ಟು ಸಲ ಬರೆದವರು ಒಮ್ಮೆಯಾದರೂ ಸಭೆಗೆ ಹೋಗಿದ್ದಿರಾ? ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಮುಂದಿನ ಸಭೆಗೆ ಅಕ್ಕಪಕ್ಕದವರನ್ನೂ, ಬಾಡಿಗೆಗಿರುವವರನ್ನೂ ಕರೆದುಕೊಂಡು ಹೋಗಿ. ವಾರ್ಡಿಗೆ ಈ ವರ್ಷ ಬಂದ ಹಣ ಎಷ್ಟು, ಕಮಾನಿಗೆ ಹೋದದ್ದೆಷ್ಟು ಎಂದು ಕೇಳಿ. ಉತ್ತರವನ್ನು ನಡವಳಿಯಲ್ಲಿ ಕನ್ನಡದಲ್ಲೇ ಬರೆಸಿ. ಸಭೆಯನ್ನೇ ಕರೆದಿಲ್ಲವೆಂದರೆ ಅದನ್ನೂ ನಮಗೆ ಬರೆಯಿರಿ, ಅಚ್ಚುಹಾಕುತ್ತೇವೆ.

— ಸಂಪಾದಕ