ಕ್ಯಾಸೆಟ್‌ನಲ್ಲಿರುವ ಹಳೆ ಟಿವಿ ಜಾಹೀರಾತುಗಳನ್ನು ಕತ್ತರಿಸಿ ತೆಗೆಯಬಹುದಾ?

ಬೇಡ. ದಯವಿಟ್ಟು ಕತ್ತರಿಸಬೇಡಿ. ದೂರದರ್ಶನದಿಂದ ರೆಕಾರ್ಡ್ ಮಾಡಿದ ಕನ್ನಡ ಸಿನಿಮಾಗಳ ವಿಎಚ್‌ಎಸ್ ವಿಡಿಯೊ ಕ್ಯಾಸೆಟ್‌ಗಳನ್ನು ಡಿಜಿಟಲ್ ಮಾಡ್ತಿದ್ದೀರಿ. ಮಧ್ಯದ ಜಾಹೀರಾತು ತೆಗೆದರೆ ಜಾಗ ಉಳಿಯುತ್ತೆ, ಸರ್ಫ್ ಸೋಪಿನ ಪುಡಿಯ ಲಲಿತಾಜಿ, ಒನಿಡಾ ಟಿವಿಯ ದೆವ್ವ ಎಲ್ಲ ಹೇಗೂ ಯೂಟ್ಯೂಬ್‌ನಲ್ಲಿ ಸಿಗ್ತಾರಲ್ಲ ಅಂತ ಕೇಳಿದ್ದೀರಿ. 2011ರಲ್ಲಿ ನಾನೂ ಇದೇ ಲೆಕ್ಕ ಹಾಕಿದ್ದೆ.

ನನ್ನ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ಹವ್ಯಾಸಿ ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದರು. 1988ರಲ್ಲಿ ಸೋಪಿನ ಪುಡಿ ಮಾಡುವ ಒಂದು ಸಣ್ಣ ಕಂಪನಿಯವರು ಅವರನ್ನು ಕರೆದರು. ನಮಗೊಬ್ಬ ಲಲಿತಾಜಿ ಬೇಕು ಅಂದರಂತೆ. ಆಗ ಲಲಿತಾಜಿಯ ಹವಾ ಹಾಗಿತ್ತು. ಅಗ್ಗದ ನಿರ್ಮಾ ಮನೆಮನೆಗೂ ನುಗ್ಗುತ್ತಿದ್ದಾಗ ಸರ್ಫ್ ಪರವಾಗಿ ಲಿಂಟಾಸ್ ಜಾಹೀರಾತು ಸಂಸ್ಥೆಯ ಅಲೀಕ್ ಪದಮ್ಸೀ ಹುಟ್ಟಿಸಿದ ಪಾತ್ರ ಅದು. ಚೌಕಾಸಿ ಮಾಡಿ ತರಕಾರಿ ಕೊಳ್ಳುವ ಹೆಂಗಸು ದುಬಾರಿ ಪುಡಿಯನ್ನೇ ಯಾಕೆ ತರ್ತಾಳೆ? ಅಗ್ಗದ ವಸ್ತು ಬೇರೆ, ಒಳ್ಳೆಯ ವಸ್ತು ಬೇರೆ ಅಂತ ಅವಳೇ ನಮ್ಮ ಮುಖ ನೋಡಿ ಹೇಳುತ್ತಿದ್ದಳು. ಆ ಪಾತ್ರ ಮಾಡಿದ ಕವಿತಾ ಚೌಧರಿ ಮುಂದೆ 'ಉಡಾನ್' ಧಾರಾವಾಹಿಯನ್ನು ತಾವೇ ಬರೆದು, ನಿರ್ದೇಶಿಸಿ, ಅದರಲ್ಲಿ ಪೊಲೀಸ್ ಅಧಿಕಾರಿಯಾಗಿ ನಟಿಸಿದರು. ಆದರೂ ನಮ್ಮ ಬೀದಿಯವರಿಗೆಲ್ಲ ಅವರು ಕೊನೆವರೆಗೂ ಲಲಿತಾಜಿಯೇ.

ಅತ್ತೆಯದು ಇಪ್ಪತ್ತು ಸೆಕೆಂಡಿನ ಜಾಹೀರಾತು. ಬಿಳಿ ಅಂಗಿಯೊಂದನ್ನು ಎರಡೂ ಭುಜ ಹಿಡಿದು ಒದರಿ, ಬೆಳಕಿಗೆ ಎತ್ತಿ, "ಬೆಲೆ ಕೇಳಿ ಹೆದರಬೇಡಿ, ಬಟ್ಟೆ ನೋಡಿ ಮಾತಾಡಿ" ಅನ್ನುತ್ತಿದ್ದರು. ದೂರದರ್ಶನದಲ್ಲಿ ಕನ್ನಡ ಸಿನಿಮಾ ಬರುವ ದಿನ ಅದು ಬರುತ್ತಿತ್ತು. ಆರೇಳು ತಿಂಗಳು ಬಂದಿರಬೇಕು, ಅಷ್ಟೇ. ಆದರೆ ಆ ಆರೇಳು ತಿಂಗಳು ಅಂಗಡಿಗೆ ಹೋದರೆ, ಬಸ್ ಹತ್ತಿದರೆ, ಜನ ಅತ್ತೆಯ ಹತ್ತಿರ ಕಲೆ ತೆಗೆಯುವುದು ಹೇಗೆ ಅಂತ ಕೇಳುತ್ತಿದ್ದರು. ಅತ್ತೆಯೂ ನಿಂತು ಹೇಳುತ್ತಿದ್ದರು.

ಈಗ ನನ್ನ ತಪ್ಪಿಗೆ ಬರ್ತೀನಿ. ಸ್ವಲ್ಪ ಉದ್ದವಾಗಿಯೇ ಹೇಳ್ತೀನಿ, ಯಾಕೆಂದರೆ ನೀವು ಅದರ ಹೊಸ್ತಿಲಲ್ಲೇ ನಿಂತಿದ್ದೀರಿ.

ನಮ್ಮ ಮನೆಯಲ್ಲಿ 23 ಕ್ಯಾಸೆಟ್ ಇದ್ದವು. ಎಲ್ಲದರ ಮೇಲೂ ಅಪ್ಪನ ಕೈಬರಹದ ಚೀಟಿ. ಮೂರು ಕ್ಯಾಸೆಟ್‌ಗಳಲ್ಲಿ ಸಿನಿಮಾ ಹೆಸರಿನ ಕೆಳಗೆ ಪೆನ್ಸಿಲ್‌ನಲ್ಲಿ "ಅಕ್ಕ" ಅಂತ ಬರೆದಿತ್ತು. ಅತ್ತೆ ಮನೆಯಿಂದ ತಂದವು ಇರಬೇಕು ಅಂದುಕೊಂಡೆ. ಕ್ಯಾಸೆಟ್ ಓಡಿಸುವ ವಿಸಿಆರ್‌ನಿಂದ ಕಂಪ್ಯೂಟರಿಗೆ ತುಂಬಿಸಿಕೊಂಡೆ. ಡಿವಿ ಅನ್ನೋ ದೊಡ್ಡ ಗಾತ್ರದ ವಿಡಿಯೊ ಫೈಲ್‌ಗಳು, ಗಂಟೆಗೆ ಸುಮಾರು 13 ಜಿಬಿ. ಮೂರು ವಾರ ರಾತ್ರಿ ಕೂತು ಒಂದೊಂದೇ ಜಾಹೀರಾತು ಹುಡುಕಿ ಕತ್ತರಿಸಿದೆ. ಎಷ್ಟು ಶ್ರದ್ಧೆಯಿಂದ ಅಂದರೆ, ಹಾಡಿನ ಕೊನೆಯ ಸ್ವರ ತುಂಡಾಗದ ಹಾಗೆ, ಪ್ರಾಯೋಜಕರ ಹೆಸರಿನ ಪಟ್ಟಿ ಒಂದಿಷ್ಟೂ ಉಳಿಯದ ಹಾಗೆ. ಹಾರ್ಡ್ ಡಿಸ್ಕ್ ತುಂಬಿತು. ಜಾಹೀರಾತು ತೆಗೆದ ಸಿನಿಮಾ ಫೈಲ್ ಇಟ್ಟುಕೊಂಡು ಮೂಲ ಫೈಲ್ ಅಳಿಸಿದೆ. ಕ್ಯಾಸೆಟ್‌ಗಳಿಗೆ ಬಿಳಿ ಬೂಷ್ಟು ಹಿಡಿದಿತ್ತು, ಗುಜರಿಗೆ ಕೊಟ್ಟೆ.

ಎರಡು ವರ್ಷದ ನಂತರ ಅತ್ತೆ ಮನೆಗೆ ಬಂದಾಗ ಕೇಳಿದರು: "ನಿಮ್ಮಪ್ಪ ನನ್ನ ಅಡ್ವಟೈಸ್‌ಮೆಂಟು ಹಿಡಿದಿಟ್ಟಿದ್ದನಲ್ಲೋ, ಅದನ್ನೂ ಕಂಪ್ಯೂಟರಿಗೆ ಹಾಕಿದ್ದೀಯಾ?"

ಆಗ ನನಗೆ ಆ ಪೆನ್ಸಿಲ್ ಅಕ್ಷರ ಅರ್ಥವಾಯಿತು. ಅಪ್ಪ ಸಾಮಾನ್ಯವಾಗಿ ಜಾಹೀರಾತು ಬಂದ ತಕ್ಷಣ ರೆಕಾರ್ಡಿಂಗ್ ತಡೆಯುವ ಪಾಝ್ ಬಟನ್ ಒತ್ತುವವರು. ಆ ಮೂರು ಕ್ಯಾಸೆಟ್‌ಗಳಲ್ಲಿ ಮಾತ್ರ ಬೇಕಂತಲೇ ಓಡಲು ಬಿಟ್ಟಿದ್ದರು. ಅವರು ಅಕ್ಕನನ್ನು ಹಿಡಿಯೋದಕ್ಕೆ ಸಿನಿಮಾ ರೆಕಾರ್ಡ್ ಮಾಡಿದ್ದರು. ನಾನು ಸಿನಿಮಾ ಇಟ್ಟುಕೊಂಡು ಅಕ್ಕನನ್ನು ಅಳಿಸಿದ್ದೆ. ಆ ಮೂರೂ ಸಿನಿಮಾ ಇವತ್ತು ಅದಕ್ಕಿಂತ ಚೆನ್ನಾದ ಪ್ರಿಂಟ್‌ನಲ್ಲಿ ಯೂಟ್ಯೂಬ್‌ನಲ್ಲಿವೆ.

ದಿನಕ್ಕೆ ಹತ್ತು ಸಲ ಕಾಣುವುದನ್ನು ಯಾರೂ ಎತ್ತಿಡುವುದಿಲ್ಲ ಅನ್ನೋದು ನನ್ನ ತಲೆಗೆ ಹೋಗಿರಲಿಲ್ಲ. ಎಲ್ಲರ ಮನೆಯಲ್ಲೂ ಬಂದಿದ್ದು, ಎಲ್ಲೋ ಇದ್ದೇ ಇರುತ್ತೆ ಅಂದುಕೊಂಡೆ. ಆ ಕಂಪನಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಚಿತ್ರೀಕರಿಸಿದವರ ಹತ್ತಿರವೂ ಟೇಪ್ ಇರಲಿಲ್ಲ.

ಇನ್ನು ಹಳೆ ಜಾಹೀರಾತು ಇಟ್ಟುಕೊಳ್ಳೋದು "ಸುಮ್ನೆ ನಾಸ್ಟಾಲ್ಜಿಯಾ" ಅಂದಿದ್ದೀರಿ. ಅದನ್ನು ನಾನು ಒಪ್ಪಲ್ಲ. ಯೂಟ್ಯೂಬ್‌ನಲ್ಲಿ ಸುಲಭವಾಗಿ ಸಿಗೋದು ದೇಶಕ್ಕೆಲ್ಲ ಗೊತ್ತಿದ್ದ ಮುಖಗಳು. ಕೊಂಬು, ಬಾಲ ಇಟ್ಟುಕೊಂಡ ಒನಿಡಾದ ಡೇವಿಡ್ ವಿಟ್‌ಬ್ರೆಡ್, ಬಿಳಿ ಫ್ರಾಕಿನ ನಿರ್ಮಾ ಹುಡುಗಿ. ಅದೂ ಹೆಚ್ಚಾಗಿ ಹಿಂದಿಯಲ್ಲಿ. ಅವುಗಳಿಗೆ ಕನ್ನಡದಲ್ಲಿ ಮಾತಾಡಿದ ದನಿಗಳು ಎಲ್ಲಿ? ನಮ್ಮೂರುಗಳ ಸೀರೆ ಅಂಗಡಿ, ಊದುಬತ್ತಿ, ಕಾಫಿಪುಡಿ ಜಾಹೀರಾತುಗಳಲ್ಲಿ ಬಂದುಹೋದ ಅಜ್ಜಂದಿರು, ಮಕ್ಕಳು? ಅವರು ಉಳಿದಿದ್ದರೆ ನಿಮ್ಮಂಥವರ ಕ್ಯಾಸೆಟ್‌ನಲ್ಲೇ ಉಳಿದಿರೋದು.

ಹಾಗಾಗಿ ಜಾಹೀರಾತುಗಳನ್ನು ಬೇರೆ ಫೈಲ್ ಕೂಡ ಮಾಡಬೇಡಿ. ಮೊದಲ ನಿಮಿಷದಿಂದ ಕೊನೆಯ ನಿಮಿಷದವರೆಗೆ ಪೂರ್ತಿ ಓಡಿಸಿ. ಹಿಂದೆಮುಂದೆ ಯಾವ ಜಾಹೀರಾತು ಬಂತು ಅನ್ನೋದರಿಂದಲೇ ರೆಕಾರ್ಡ್ ಆದ ಕಾಲ ಗೊತ್ತಾಗುತ್ತೆ. ಜಾಗದ ಚಿಂತೆ ಬಿಡಿ, ಮೂರು ಗಂಟೆಯ ಕ್ಯಾಸೆಟ್ ಚೆನ್ನಾದ ಎಂಪಿ4 ಆದರೂ ಆರೇಳು ಜಿಬಿ ಅಷ್ಟೇ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಸ್ವಚ್ಛ ಮಾಡಿಸದೆ ವಿಸಿಆರ್‌ಗೆ ಹಾಕಬೇಡಿ, ಟೇಪ್ ಓದುವ ಹೆಡ್ ಹಾಳಾಗುತ್ತೆ, ಬೂಷ್ಟು ಮಿಕ್ಕ ಕ್ಯಾಸೆಟ್‌ಗಳಿಗೂ ಹತ್ತುತ್ತೆ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ ಫುನಾಯಿ 2016ರಲ್ಲೇ ನಿಲ್ಲಿಸಿತು, ನಿಮ್ಮದು ಕೆಟ್ಟರೆ ಹೊಸದು ಸಿಗಲ್ಲ. ಚೀಟಿಗಳ ಫೋಟೋ ತೆಗೆದಿಡಿ. ಪೆನ್ಸಿಲ್‌ನಲ್ಲಿ ಬರೆದಿದ್ದರೆ ಮನೆಯ ಹಿರಿಯರನ್ನು ಕೇಳಿ.

ನನ್ನ ಹತ್ತಿರ ಉಳಿದದ್ದು 12 ಫ್ರೇಮ್. ಅಂದರೆ ಅರ್ಧ ಸೆಕೆಂಡು. ಒಂದು ಕಡೆ ಕತ್ತರಿ ಸ್ವಲ್ಪ ತಪ್ಪಿತ್ತು. ಸಿನಿಮಾದ ಹೀರೋ ಬಾಗಿಲು ತೆರೆಯುತ್ತಾನೆ, ಅಷ್ಟರಲ್ಲಿ ಅತ್ತೆ ಅಂಗಿ ಎತ್ತಿದ ಕೈ ಮಿಂಚಿ ಹೋಗುತ್ತೆ. ಮುಖ ಅಂಗಿಯ ಹಿಂದೆ. ಅತ್ತೆಗೆ ನಿಲ್ಲಿಸಿ ನಿಲ್ಲಿಸಿ ತೋರಿಸಿದೆ. ತುಂಬಾ ಹೊತ್ತು ನೋಡಿ, "ಬಳೆ ನಮ್ಮಮ್ಮಂದು ಕಣೋ" ಅಂದರು.

ನಿಮ್ಮ ಕ್ಯಾಸೆಟ್‌ಗಳಲ್ಲಿ 1988 ಇಲ್ಲವೇ 89ರ ಸಿನಿಮಾ ಇದ್ದರೆ, ಮಧ್ಯದಲ್ಲಿ ಬಿಳಿ ಅಂಗಿ ಒದರುವ ಹೆಂಗಸು ಕಂಡರೆ, ಇಲ್ಲೇ ಒಂದು ಮಾತು ಬರೆಯಿರಿ. ಅತ್ತೆಗೆ ಈಗ 81. ಕಣ್ಣು ಇನ್ನೂ ಚೆನ್ನಾಗಿದೆ.