ನಾನೇ ಜೋಡಿಸಿದ ಎಆರ್-15 ಕೋವಿಯಲ್ಲಿ ತೋಟಾ ಪದೇ ಪದೇ ಸಿಕ್ಕಿಕೊಳ್ಳುತ್ತಿದೆ, ಎಲ್ಲಿಂದ ಹುಡುಕಲಿ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಟೆಕ್ಸಾಸಿನಲ್ಲಿದ್ದೀರಿ, ಗ್ರೀನ್ ಕಾರ್ಡ್ ಬಂದ ಮೇಲೆ ಬಿಡಿಭಾಗ ತರಿಸಿ ಮನೆಯಲ್ಲೇ ಎಆರ್-15 ಜೋಡಿಸಿದ್ದೀರಿ. 16 ಇಂಚಿನ ನಳಿಗೆ, ಮಿಡ್-ಲೆಂತ್ ಗ್ಯಾಸ್, ಅಂದರೆ ಗ್ಯಾಸಿನ ಕೊಳವೆ ಮಧ್ಯಮ ಉದ್ದದ್ದು. ಐದಾರು ಗುಂಡಿಗೊಮ್ಮೆ ಹೊಸ ತೋಟಾ ಚೇಂಬರಿಗೆ, ಅಂದರೆ ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಗೂಡಿಗೆ, ಹೋಗದೆ ನಿಲ್ಲುತ್ತದೆ. ರೇಂಜಿನಲ್ಲಿ ಒಬ್ಬರು ಬಫರ್ (ಬೋಲ್ಟಿನ ಹಿಂದೆ ಓಡುವ ತೂಕದ ತುಂಡು) ಬದಲಿಸಿ ಅಂದರು, ಇನ್ನೊಬ್ಬರು ತೋಟಾ ಚೇಂಬರಿಗೆ ಏರುವ ಇಳಿಜಾರು, ಅಂದರೆ ಫೀಡ್ ರ‍್ಯಾಂಪ್ ಉಜ್ಜಿ ಅಂದರು. ಯಾರ ಮಾತು ಕೇಳಲಿ ಅಂತ ನಿಮ್ಮ ಪ್ರಶ್ನೆ.

ಸದ್ಯಕ್ಕೆ ಇಬ್ಬರ ಮಾತೂ ಬೇಡ. ಯಾವ ಭಾಗವನ್ನೂ ಇನ್ನೂ ಖರೀದಿಸಬೇಡಿ. ತೋಟಾ ಎಲ್ಲಿ ನಿಂತಿದೆ, ಹೇಗೆ ನಿಂತಿದೆ ಅನ್ನೋದನ್ನು ನೀವು ಬರೆದಿಲ್ಲ, ಅದು ಗೊತ್ತಾಗದೆ ಯಾರು ಏನು ಹೇಳಿದರೂ ಊಹೆಯೇ.

ನಾನು ಕೊಡಗಿನವನು. ನಮ್ಮ ಅಜ್ಜನ ಕಾಲದ ಜೋಡಿ ನಳಿಗೆಯ ತೋಟಾ ಕೋವಿ ಈಗಲೂ ಮನೆಯಲ್ಲಿದೆ, ಕೈಲ್‌ಪೊಳ್ದ್ ಹಬ್ಬದ ದಿನ ಪೂಜೆಗೆ ಇಡುತ್ತೇವೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಹೋಗುತ್ತೇವೆ. ಆ ಕೋವಿಯಲ್ಲಿ ತೋಟಾ ಸಿಕ್ಕಿಕೊಳ್ಳುವ ಪ್ರಶ್ನೆಯೇ ಇಲ್ಲ. ನಳಿಗೆ ಮಡಚಿ, ಕೈಯಿಂದಲೇ ತೋಟಾ ಇಟ್ಟು, ಮುಚ್ಚುತ್ತೇವೆ, ಅಷ್ಟೆ. ಅಲ್ಲಿ ಕೈ ಮಾಡುವ ಕೆಲಸವನ್ನು ನಿಮ್ಮ ಕೋವಿಯಲ್ಲಿ ಗ್ಯಾಸು, ಎರಡು ಸ್ಪ್ರಿಂಗು ಮತ್ತು ಒಂದು ತಗಡಿನ ಡಬ್ಬಿ (ತೋಟಾ ತುಂಬುವ ಮ್ಯಾಗಝಿನ್) ಸೇರಿ ಮಾಡಬೇಕು. ಗುಂಡು ನಳಿಗೆಯಲ್ಲಿ ಓಡುವಾಗ ಒಂದು ಸಣ್ಣ ತೂತಿನಿಂದ ಸ್ವಲ್ಪ ಗ್ಯಾಸು ಮೇಲಿನ ಕೊಳವೆಗೆ ಹೋಗುತ್ತದೆ, ಅದು ಬೋಲ್ಟ್ ಕ್ಯಾರಿಯರನ್ನು, ಅಂದರೆ ಚೇಂಬರ್ ಮುಚ್ಚುವ ಬೋಲ್ಟನ್ನು ಹೊತ್ತ ತುಂಡನ್ನು, ಹಿಂದೆ ತಳ್ಳುತ್ತದೆ, ಖಾಲಿ ಕೇಸ್ ಹೊರಗೆ ಹಾರುತ್ತದೆ, ಹಿಂದಿರುವ ಬಫರ್ ಸ್ಪ್ರಿಂಗು ಕ್ಯಾರಿಯರನ್ನು ಮತ್ತೆ ಮುಂದೆ ದೂಡುತ್ತದೆ. ಅದು ಮುಂದೆ ಬರುವಷ್ಟರಲ್ಲಿ ಮ್ಯಾಗಝಿನ್ ಸ್ಪ್ರಿಂಗು ಮುಂದಿನ ತೋಟಾವನ್ನು ಸರಿಯಾದ ಎತ್ತರಕ್ಕೆ ಎತ್ತಿ ಹಿಡಿದಿರಬೇಕು. ಇವುಗಳಲ್ಲಿ ಯಾವುದೋ ಒಂದು ತಡವಾಯಿತು ಅಥವಾ ಬೇಗ ಆಯಿತು ಅಂದರೆ ನಿಮಗೆ ಆಗುತ್ತಿರುವುದೇ ಆಗುತ್ತದೆ.

ಮೊದಲ ಕೆಲಸ ಹೀಗೆ ಮಾಡಿ. ಮುಂದಿನ ಸಲ ಸಿಕ್ಕಿಕೊಂಡಾಗ ಗಾಬರಿಯಲ್ಲಿ ಹ್ಯಾಂಡಲ್ ಎಳೆದು ಬಿಡಿಸಬೇಡಿ. ಕೋವಿಯ ಬಾಯಿ ಗುರಿಯ ಕಡೆಗೇ ಇರಲಿ, ಬೆರಳು ಟ್ರಿಗರಿನಿಂದ ಆಚೆ ಇರಲಿ, ಸೇಫ್ಟಿ ಹಾಕಲು ಆದರೆ ಹಾಕಿ. ಆಮೇಲೆ ಪಕ್ಕದ ಕಿಂಡಿಯಿಂದ ಒಳಗೆ ನೋಡಿ. ಫೋಟೊ ತೆಗೆಯುವುದಾದರೆ ಪಕ್ಕದಲ್ಲಿರುವವರು ತೆಗೆಯಲಿ, ನೀವು ಕೋವಿ ಹಿಡಿದುಕೊಂಡೇ ಇರಿ. ನೋಡಿದ ಮೇಲೆ ಮ್ಯಾಗಝಿನ್ ತೆಗೆದು, ಬೋಲ್ಟನ್ನು ಹಿಂದೆ ಲಾಕ್ ಮಾಡಿ, ಚೇಂಬರ್ ಖಾಲಿ ಅಂತ ಕಣ್ಣಿಂದಲೂ ಬೆರಳಿಂದಲೂ ಖಚಿತ ಮಾಡಿಕೊಳ್ಳಿ.

ಒಳಗೆ ಏನು ಕಾಣಬಹುದು? ತೋಟಾದ ಮೂತಿ ಕೆಳಗೆ ಬಾಗಿ ಮ್ಯಾಗಝಿನ್ನಿನ ಮುಂದಿನ ಗೋಡೆಗೋ ರ‍್ಯಾಂಪಿನ ಕೆಳಗೋ ಗುದ್ದಿ ನಿಂತಿದ್ದರೆ ನನ್ನ ಅನುಮಾನ ನೇರ ಮ್ಯಾಗಝಿನ್ ಮೇಲೆ. ಬೋಲ್ಟ್ ತೋಟಾದ ಹಿಂಬದಿಯನ್ನು ಹಿಡಿಯದೆ ನಡುಬೆನ್ನಿನ ಮೇಲೆ ಏರಿ ಕೂತಿದ್ದರೆ, ಹಿತ್ತಾಳೆಯ ಮೇಲೆ ಗೀರು ಬಿದ್ದಿದ್ದರೆ, ಒಂದೋ ಮ್ಯಾಗಝಿನ್ ತೋಟಾವನ್ನು ತಡವಾಗಿ ಎತ್ತಿದೆ, ಇಲ್ಲವೇ ಬೋಲ್ಟ್ ಪೂರ್ತಿ ಹಿಂದೆ ಹೋಗದೆ ಅರ್ಧದಿಂದಲೇ ವಾಪಸ್ ಬಂದಿದೆ. ಬೋಲ್ಟ್ ಮುಚ್ಚಿದೆ ಆದರೆ ಒಳಗೆ ಏನೂ ಇಲ್ಲ ಅಂದರೂ ಇದೇ ಎರಡು ಕಾರಣ, ಜೊತೆಗೆ ಮ್ಯಾಗಝಿನ್ ಸರಿಯಾಗಿ ಕೂತಿಲ್ಲದಿರಬಹುದು. ಹಳೆಯ ಖಾಲಿ ಕೇಸ್ ಇನ್ನೂ ಚೇಂಬರಿನಲ್ಲೇ ಇದ್ದು ಹೊಸ ತೋಟಾ ಅದರ ಹಿಂದೆ ಗುದ್ದಿದ್ದರೆ ಅದು ತೋಟಾ ಒಳಗೆ ಹೋಗುವ ತೊಂದರೆಯೇ ಅಲ್ಲ, ಹೊರಗೆ ಬರುವ ತೊಂದರೆ. ಆಗ ಚೇಂಬರಿನ ಕೊಳೆ, ಎಕ್ಸ್‌ಟ್ರ್ಯಾಕ್ಟರ್ (ಖಾಲಿ ಕೇಸನ್ನು ಹೊರಗೆಳೆಯುವ ಕೊಕ್ಕೆ) ಮತ್ತು ಅದರ ಸ್ಪ್ರಿಂಗು ನೋಡಬೇಕು. ಜನ ಇದನ್ನೂ ಮೊದಲನೆಯದನ್ನೂ ಒಂದೇ ಹೆಸರಿನಲ್ಲಿ ಕರೆದು, ಬೇರೆಯೇ ಕಾಯಿಲೆಗೆ ಔಷಧಿ ಹೇಳುತ್ತಾರೆ.

ಈಗ ಮ್ಯಾಗಝಿನ್ ವಿಷಯ. ಇದರ ಬಗ್ಗೆ ನಾನು ಜಾಸ್ತಿ ಬರೆಯುತ್ತೇನೆ, ಯಾಕಂದರೆ ನಾನು ಎಡವಿದ್ದು ಇಲ್ಲೇ. ನನ್ನ ಮೊದಲ ಎಆರ್ ಜೋಡಿಸಿದಾಗ ನಿಮ್ಮ ಹಾಗೇ ಆಗುತ್ತಿತ್ತು. ನಾನೇ ಕಟ್ಟಿದ್ದು, ಹಾಗಾಗಿ ತಪ್ಪು ನನ್ನ ಕೈಕೆಲಸದ್ದೇ ಅಂತ ನಂಬಿಬಿಟ್ಟೆ. ಬಫರ್ ಬದಲಿಸಿದೆ, ಸ್ಪ್ರಿಂಗ್ ಬದಲಿಸಿದೆ, ಗ್ಯಾಸ್ ಬ್ಲಾಕ್ (ನಳಿಗೆಯ ತೂತಿನಿಂದ ಗ್ಯಾಸನ್ನು ಕೊಳವೆಗೆ ತಿರುಗಿಸುವ ತುಂಡು) ಬಿಚ್ಚಿ ಮತ್ತೆ ಹಾಕಿದೆ. ಎರಡು ತಿಂಗಳು ಹೀಗೇ ಹೋಯಿತು. ಕೊನೆಗೆ ರೇಂಜಿನ ಹಿರಿಯರೊಬ್ಬರು ತಮ್ಮ ಮ್ಯಾಗಝಿನ್ ಕೊಟ್ಟು ಇದರಲ್ಲಿ ಹೊಡೆದು ನೋಡು ಅಂದರು. 60 ಗುಂಡು, ಒಂದೂ ನಿಲ್ಲಲಿಲ್ಲ. ನನ್ನ ಹತ್ತಿರ ಇದ್ದದ್ದು ಅಗ್ಗಕ್ಕೆ ಸಿಕ್ಕ ಹಳೆಯ ಅಲ್ಯೂಮಿನಿಯಂ ಮ್ಯಾಗಝಿನ್‌ಗಳು, ಅದರಲ್ಲಿ ಒಂದರ ಬಾಯಿಯ ಅಂಚು, ಅಂದರೆ ತೋಟಾವನ್ನು ಹಿಡಿದುಕೊಳ್ಳುವ ಆ ಎರಡು ತುಟಿ, ಸ್ವಲ್ಪ ಅಗಲ ಆಗಿತ್ತು. ಬರಿ ಕಣ್ಣಿಗೆ ಗೊತ್ತೇ ಆಗುತ್ತಿರಲಿಲ್ಲ.

ಇದಕ್ಕೆ ಹಳೆಯ ಕಾರಣವೊಂದಿದೆ. ಯೂಜೀನ್ ಸ್ಟೋನರ್ ಮತ್ತು ಅವರ ಜೊತೆಗಾರರು ಆರ್ಮಲೈಟ್ ಕಂಪನಿಯಲ್ಲಿ ಈ ಕೋವಿ ರೂಪಿಸಿದಾಗ (ಎಆರ್ ಅಂದರೆ ಆರ್ಮಲೈಟ್, 1959ರಲ್ಲಿ ಹಕ್ಕು ಕೋಲ್ಟ್ ಕಂಪನಿಗೆ ಹೋಯಿತು) ಮ್ಯಾಗಝಿನ್ 20 ತೋಟಾದ ನೇರ ಡಬ್ಬಿಯಾಗಿತ್ತು. 30 ತೋಟಾದ್ದು ಆಮೇಲೆ ಬಂತು. ಆದರೆ ಅದು ಕೂರುವ ಬಾವಿ ನೇರವಾಗಿಯೇ ಉಳಿಯಿತು, ಹಾಗಾಗಿ 30ರ ಡಬ್ಬಿ ಮೇಲೆ ನೇರ, ಕೆಳಗೆ ಬಾಗು. ಆ ತಿರುವಿನಲ್ಲಿ ಒಳಗಿನ ಫಾಲೋವರ್ (ಸ್ಪ್ರಿಂಗಿನ ಮೇಲೆ ಕೂತು ತೋಟಾ ಎತ್ತುವ ತುಂಡು) ವಾಲುತ್ತದೆ, ಅದು ವಾಲಿದರೆ ತೋಟಾದ ಮೂತಿ ಕೆಳಗೆ. ಅಮೆರಿಕದ ಸೇನೆ ಈ ಫಾಲೋವರನ್ನು ಒಂದಕ್ಕಿಂತ ಹೆಚ್ಚು ಸಲ ಬದಲಿಸಿದೆ, ಮೊದಲು ಕಪ್ಪು, ಆಮೇಲೆ ಹಸಿರು, 2009ರಲ್ಲಿ ವಾಲದ ಹಾಗೆ ಮಾಡಿದ ಕಂದು ಬಣ್ಣದ್ದು. ನಿಮ್ಮ ಹತ್ತಿರ ಕಪ್ಪು ಫಾಲೋವರಿನ ಹಳೆಯ ಅಲ್ಯೂಮಿನಿಯಂ ಮ್ಯಾಗಝಿನ್ ಇದ್ದರೆ ಅದನ್ನು ಬದಿಗಿಡಿ. 

ಮಾಡಬೇಕಾದ್ದು ಸುಲಭ. ನಿಮ್ಮ ಮ್ಯಾಗಝಿನ್‌ಗಳಿಗೆಲ್ಲ ಬಣ್ಣದ ಪೆನ್ನಿನಲ್ಲಿ 1, 2, 3 ಅಂತ ಬರೆಯಿರಿ. ಯಾರ ಹತ್ತಿರವಾದರೂ ಚೆನ್ನಾಗಿ ನಡೆಯುವ ಒಂದು ಮ್ಯಾಗಝಿನ್ ಕಡ ತನ್ನಿ, ಅಥವಾ ಹೆಸರಿರುವ ಕಂಪನಿಯ ಹೊಸದೊಂದು ತಗೊಳ್ಳಿ, 15 ಡಾಲರಿನ ಆಸುಪಾಸಿನಲ್ಲಿ ಸಿಗುತ್ತದೆ. ತೊಂದರೆ 2ನೇ ನಂಬರಿನಲ್ಲಿ ಮಾತ್ರ ಬಂದರೆ ನಿಮ್ಮ ಕೋವಿಗೆ ಏನೂ ಆಗಿಲ್ಲ. ಎಲ್ಲದರಲ್ಲೂ ಬಂದರೆ ಮುಂದಕ್ಕೆ ಹೋಗೋಣ. ಇನ್ನೊಂದು, ಬೋಲ್ಟ್ ಮುಚ್ಚಿರುವಾಗ ಪೂರ್ತಿ 30 ತುಂಬಿದ ಮ್ಯಾಗಝಿನ್ ಹಾಕುವುದು ಬಿಗಿ, ಕ್ಲಿಕ್ ಅಂದ ಹಾಗೆ ಅನಿಸಿದರೂ ಕೂತಿರುವುದಿಲ್ಲ. 28 ತುಂಬಿ. ಹಾಕಿದ ಮೇಲೆ ಒಮ್ಮೆ ಕೆಳಗೆ ಎಳೆದು ನೋಡಿ. ಹಾಗೂ ಸಡಿಲ ಅನಿಸಿದರೆ ಮ್ಯಾಗಝಿನ್ ಕ್ಯಾಚ್ ಒಂದೆರಡು ಸುತ್ತು ಕಡಿಮೆ ತಿರುಗಿಸಿ ಹಾಕಿರಬಹುದು. ಮನೆಯಲ್ಲಿ ಜೋಡಿಸಿದ ಕೋವಿಗಳಲ್ಲಿ ಇದು ಆಗುತ್ತಲೇ ಇರುತ್ತದೆ.

ಮ್ಯಾಗಝಿನ್ ಸರಿ ಇದೆ ಅಂತ ಆದಮೇಲೆ ಒಂದು ತೋಟಾದ ಪರೀಕ್ಷೆ ಮಾಡಿ. ಮ್ಯಾಗಝಿನ್ನಿಗೆ ಒಂದೇ ತೋಟಾ ಹಾಕಿ, ಹೊಡೆಯಿರಿ. ಬೋಲ್ಟ್ ಹಿಂದೆಯೇ ಲಾಕ್ ಆಗಿ ನಿಲ್ಲಬೇಕು. ಐದು ಸಲ ಮಾಡಿ, ಬೇರೆ ಬೇರೆ ಮ್ಯಾಗಝಿನ್ನಿನಲ್ಲಿ. ಐದೂ ಸಲ ನಿಂತರೆ ಬೋಲ್ಟ್ ಪೂರ್ತಿ ಹಿಂದೆ ಹೋಗುತ್ತಿದೆ. ನಿಲ್ಲದಿದ್ದರೆ ಅದಕ್ಕೆ ಸಾಕಷ್ಟು ಶಕ್ತಿ ಸಿಗುತ್ತಿಲ್ಲ, ಇಲ್ಲವೇ ಏನೋ ತಡೆಯುತ್ತಿದೆ. ಇದರ ಜೊತೆಗೆ ಖಾಲಿ ಕೇಸ್ ಎಲ್ಲಿ ಬೀಳುತ್ತಿದೆ ನೋಡಿ. ಕೋವಿಯ ಬಾಯಿ 12 ಗಂಟೆ ಅಂದುಕೊಂಡರೆ ಬಲಗಡೆ 3ರಿಂದ 4:30ರ ನಡುವೆ ಬಿದ್ದರೆ ಚೆನ್ನ. 5ರ ಕಡೆ ಸುಮ್ನೆ ಕಾಲಬುಡದಲ್ಲಿ ಬಿದ್ದರೆ ಗ್ಯಾಸು ಕಡಿಮೆ. 1 ಅಥವಾ 2ರ ಕಡೆ ದೂರ ಹಾರಿದರೆ ಗ್ಯಾಸು ಜಾಸ್ತಿ, ಬೋಲ್ಟ್ ತುಂಬಾ ವೇಗವಾಗಿ ಓಡುತ್ತಿದೆ, ಮ್ಯಾಗಝಿನ್ನಿಗೆ ತೋಟಾ ಎತ್ತಲು ಸಮಯವೇ ಸಿಗುತ್ತಿಲ್ಲ. ಇದು ಅಂದಾಜು ಅಷ್ಟೆ, ಕೇಸ್ ಕಿಂಡಿಯ ಹಿಂದಿನ ಉಬ್ಬಿಗೆ (ಡಿಫ್ಲೆಕ್ಟರಿಗೆ) ತಾಗಿ ದಿಕ್ಕು ಬದಲಾಗುವುದೂ ಉಂಟು.

ಗ್ಯಾಸು ಕಡಿಮೆ ಅಂತ ಕಂಡರೆ ಮೊದಲು ಎಣ್ಣೆ ಹಾಕಿ ನೋಡಿ. ನಿಜವಾಗಿ ಹೇಳುತ್ತಿದ್ದೇನೆ, ಹೊಸ ಕೋವಿಯನ್ನು ಒಣಗಿಸಿಕೊಂಡು ರೇಂಜಿಗೆ ತರುವವರು ತುಂಬಾ ಜನ. ಕ್ಯಾರಿಯರ್ ಉಜ್ಜುವ ಜಾಗ, ಕ್ಯಾಮ್ ಪಿನ್, ಬೋಲ್ಟಿನ ಉಂಗುರ, ಇಲ್ಲೆಲ್ಲ ಒದ್ದೆಯಾಗಿ ಕಾಣುವಷ್ಟು ಎಣ್ಣೆ ಇರಲಿ. ಎರಡನೆಯದು ತೋಟಾ. ಅಗ್ಗದ ಉಕ್ಕಿನ ಕೇಸಿನ .223 ತೋಟಾಗಳಲ್ಲಿ ಕೆಲವಕ್ಕೆ ಶಕ್ತಿ ಕಡಿಮೆ, ಪರೀಕ್ಷೆ ಮಾಡುವಾಗ ಹಿತ್ತಾಳೆ ಕೇಸಿನ ಒಳ್ಳೆಯ 5.56 ತಗೊಳ್ಳಿ. ಆದರೆ ನಿಮ್ಮ ನಳಿಗೆಯ ಮೇಲೆ 5.56 ಅಥವಾ ವೈಲ್ಡ್ (ಎರಡೂ ಬಗೆಯ ತೋಟಾ ಹೊಡೆಯಬಹುದಾದ ಚೇಂಬರ್) ಅಂತ ಬರೆದಿದೆಯಾ ನೋಡಿಕೊಳ್ಳಿ. ಬರೀ .223 ಅಂತ ಇದ್ದರೆ ಅದರಲ್ಲಿ 5.56 ಹಾಕಬಾರದು, ಒತ್ತಡ ಜಾಸ್ತಿಯಾಗುತ್ತದೆ.

ಅದೂ ಆಗದಿದ್ದರೆ ಕೋವಿ ಖಾಲಿ ಮಾಡಿ, ತಣ್ಣಗಾದ ಮೇಲೆ, ಬೋಲ್ಟ್ ಕ್ಯಾರಿಯರ್ ಹೊರಗೆ ತೆಗೆಯಿರಿ. ಅದರ ನೆತ್ತಿಯ ಮೇಲಿರುವ ಗ್ಯಾಸ್ ಕೀಯನ್ನು ಅಲುಗಾಡಿಸಿ. ಎರಡು ಸ್ಕ್ರೂಗಳ ಅಂಚಿನಲ್ಲಿ ಲೋಹವನ್ನು ಜಜ್ಜಿ ಗಟ್ಟಿ ಮಾಡಿರಬೇಕು, ಅಲುಗಾಡಿದರೆ ಗ್ಯಾಸು ಅಲ್ಲೇ ಸೋರುತ್ತಿದೆ. ಬೋಲ್ಟನ್ನು ಮುಂದಕ್ಕೆ ಎಳೆದು, ಇಡೀ ಕ್ಯಾರಿಯರನ್ನು ಬೋಲ್ಟಿನ ಮುಖದ ಮೇಲೆ ಮೇಜಿನಲ್ಲಿ ನಿಲ್ಲಿಸಿ. ತನ್ನ ಭಾರಕ್ಕೇ ಕುಸಿದರೆ ಉಂಗುರ ಸವೆದಿವೆ. ಹೊಸ ಕೋವಿಯಲ್ಲಿ ಇದು ಅಪರೂಪ. ಜಾಸ್ತಿ ಆಗುವುದು ಗ್ಯಾಸ್ ಬ್ಲಾಕಿನದು. ನಳಿಗೆಯ ತೂತಿನ ಮೇಲೆ ಬ್ಲಾಕಿನ ತೂತು ಸರಿಯಾಗಿ ಕೂರಬೇಕು, ಆದರೆ ಕೂರಿಸಿದ ಮೇಲೆ ಅದು ಕಣ್ಣಿಗೆ ಕಾಣುವುದಿಲ್ಲ. ನನ್ನ ಸ್ನೇಹಿತನ ಕೋವಿಯಲ್ಲಿ ಅದು ಒಂದು ಚೂರು ತಿರುಗಿತ್ತು. ಬಿಚ್ಚಿದಾಗ ನಳಿಗೆಯ ಮೇಲೆ ಮಸಿಯ ಗುರುತು ತೂತಿನ ಒಂದು ಬದಿಗೆ ಚಂದ್ರನ ಆಕಾರದಲ್ಲಿ ಬಿದ್ದಿತ್ತು, ಅದನ್ನು ನೋಡಿಯೇ ತಿಳಿಯಿತು. ಮುಂದೆ ಹಿಂದೆಯೂ ತಪ್ಪಬಹುದು. ಹ್ಯಾಂಡ್‌ಗಾರ್ಡ್ ಕ್ಯಾಪಿಗೆ (ನಳಿಗೆಯ ಸುತ್ತಿನ ಹಿಡಿಕೆಯನ್ನು ಮುಂದೆ ಹಿಡಿದಿಡುವ ತಗಡಿಗೆ) ಜಾಗ ಬಿಟ್ಟು ಮಾಡಿದ ನಳಿಗೆಯಾದರೆ, ಬ್ಲಾಕನ್ನು ಪೂರ್ತಿ ಹಿಂದಕ್ಕೆ ತಳ್ಳಬಾರದು, ಸುಮಾರು 0.025 ಇಂಚು, ಅಂದರೆ ಅರ್ಧ ಮಿಲಿಮೀಟರಿಗಿಂತ ತುಸು ಜಾಸ್ತಿ ಜಾಗ ಬಿಡಬೇಕು. ತೂತನ್ನು ದೊಡ್ಡದು ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಕೊರೆದದ್ದನ್ನು ವಾಪಸ್ ತುಂಬಲು ಆಗುವುದಿಲ್ಲ.

ಬಫರಿನ ಮಾತು ಈಗ ಬಂತು. ಮಾಮೂಲಿ ಕಾರ್ಬೈನ್ ಬಫರ್ ಸುಮಾರು 3 ಔನ್ಸ್, ಎಚ್ ಅನ್ನುವುದು 3.8ರ ಹತ್ತಿರ, ಎಚ್2 4.6ರ ಹತ್ತಿರ. ನಿಮ್ಮ ಕೋವಿಗೆ ಗ್ಯಾಸು ಕಡಿಮೆ ಇದ್ದು ನೀವು ಆ ಸಲಹೆ ಕೇಳಿ ಭಾರದ ಬಫರ್ ಹಾಕಿದ್ದರೆ ತೊಂದರೆ ಇನ್ನೂ ಹೆಚ್ಚುತ್ತಿತ್ತು. ಗ್ಯಾಸು ಜಾಸ್ತಿ ಇದ್ದರೆ ಮಾತ್ರ ಅದು ಸರಿಯಾದ ಔಷಧಿ. ಬಫರ್ ಸ್ಪ್ರಿಂಗಿನ ಉದ್ದ ಮಾತ್ರ ಅಳೆದು ನೋಡಿ. ಕಾರ್ಬೈನಿನದು 10ರಿಂದ ಸುಮಾರು 11¼ ಇಂಚು, ರೈಫಲಿನದು 11¾ರಿಂದ 13½. ಬಿಡಿಭಾಗ ಬೇರೆ ಬೇರೆ ಕಡೆಯಿಂದ ತರಿಸಿದಾಗ ಚಿಕ್ಕ ಟ್ಯೂಬಿಗೆ ಉದ್ದದ ಸ್ಪ್ರಿಂಗು ಬಂದುಬಿಡುತ್ತದೆ.

ರ‍್ಯಾಂಪ್ ಉಜ್ಜುವುದಂತೂ ಬೇಡವೇ ಬೇಡ. ಬೆರಳಿನಿಂದ ಮುಟ್ಟಿ ನೋಡಿ ಸಾಕು. ಮೇಲಿನ ರಿಸೀವರಿನಲ್ಲಿ (ಬೋಲ್ಟ್ ಓಡುವ ಒಡಲಿನಲ್ಲಿ) ಸೇನೆಯ ಎಂ4 ಕೋವಿಯ ಮಾದರಿಯ ಉದ್ದದ ಇಳಿಜಾರು ಕೊರೆದಿದ್ದು, ನಳಿಗೆಯದು ಹಳೆಯ ರೈಫಲ್ ಮಾದರಿಯ ಗಿಡ್ಡ ಇಳಿಜಾರಾದರೆ, ಎರಡರ ಸಂದಿಯಲ್ಲಿ ಹೊಸ್ತಿಲಿನ ಹಾಗೆ ಒಂದು ಅಂಚು ಎದ್ದು ನಿಲ್ಲುತ್ತದೆ. ತೋಟಾದ ಮೂತಿ ಅಲ್ಲಿ ಎಡವುತ್ತದೆ. ಉಲ್ಟಾ ಇದ್ದರೆ, ಅಂದರೆ ನಳಿಗೆ ಎಂ4, ರಿಸೀವರ್ ಹಳೆಯದು, ಸಾಮಾನ್ಯವಾಗಿ ನಡೆಯುತ್ತದೆ. ಹೊಸ್ತಿಲು ಸಿಕ್ಕಿದರೆ ಮಾರಿದವರಿಗೆ ವಾಪಸ್ ಕೊಡಿ ಅಥವಾ ಗನ್‌ಸ್ಮಿತ್ ಹತ್ತಿರ ಒಯ್ಯಿರಿ. ತಿರುಗುವ ಕಲ್ಲು ಹಿಡಿದು ನೀವೇ ಉಜ್ಜಿದರೆ ಅಲ್ಯೂಮಿನಿಯಂ ಮೇಲಿನ ಗಟ್ಟಿ ಪದರ ಹೋಗುತ್ತದೆ, ಆಮೇಲೆ ಅದು ಬೇಗ ಸವೆಯುತ್ತದೆ.

ಮನೆಯಲ್ಲಿ ಇದನ್ನೆಲ್ಲ ನೋಡುವಾಗ ನಿಜವಾದ ತೋಟಾ ಆ ಕೋಣೆಯಲ್ಲೇ ಇರಬಾರದು. ಕೈಯಿಂದ ಬೋಲ್ಟ್ ಓಡಿಸಿ ನೋಡಲು ಬಣ್ಣದ ಡಮ್ಮಿ ತೋಟಾ ಸಿಗುತ್ತವೆ. ಅವುಗಳಲ್ಲಿ ಮ್ಯಾಗಝಿನ್ನಿನ ದೋಷ ಅರ್ಧಕ್ಕರ್ಧ ಗೊತ್ತಾಗಿಬಿಡುತ್ತದೆ.

ಎರಡು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಬೋಲ್ಟ್ ಪೂರ್ತಿ ಮುಚ್ಚದಿದ್ದರೆ ಬಲಗಡೆಯ ಫಾರ್ವರ್ಡ್ ಅಸಿಸ್ಟ್ ಗುಂಡಿಯನ್ನು ಗುದ್ದಿ ಮುಚ್ಚಿಸಬೇಡಿ. ತೋಟಾ ಯಾಕೆ ಹೋಗಲಿಲ್ಲ ಅಂತ ತೆಗೆದು ನೋಡಿ. ಮನೆಯಲ್ಲಿ .300 ಬ್ಲ್ಯಾಕೌಟ್ ಕೋವಿಯೂ ಇದ್ದರೆ ಇನ್ನೂ ಎಚ್ಚರ, ಅದರ ತೋಟಾ ಇದೇ ಮ್ಯಾಗಝಿನ್ನಿನಲ್ಲಿ ಕೂರುತ್ತದೆ, ಕೆಲವು 5.56 ಚೇಂಬರಿಗೂ ತುರುಕಿಕೊಂಡು ಹೋಗುತ್ತವೆ, ಹೊಡೆದರೆ ಕೋವಿ ಒಡೆಯುತ್ತದೆ. ಇನ್ನೊಂದು, ಸದ್ದು ಯಾವತ್ತಿನ ಹಾಗಿಲ್ಲದೆ ಟುಸ್ ಅಂದು, ಆಮೇಲೆ ಬೋಲ್ಟ್ ಓಡದಿದ್ದರೆ ಅದನ್ನು ಫೀಡಿಂಗ್ ತೊಂದರೆ ಅಂದುಕೊಂಡು ಮತ್ತೊಂದು ತೋಟಾ ಹಾಕಬೇಡಿ. ಗುಂಡು ನಳಿಗೆಯ ಮಧ್ಯದಲ್ಲೇ ನಿಂತಿರಬಹುದು. ಅಲ್ಲಿಗೇ ನಿಲ್ಲಿಸಿ, ರೇಂಜಿನವರನ್ನು ಕರೆಯಿರಿ.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ಎಚ್-1ಬಿಯಂಥ ವೀಸಾದಲ್ಲಿ ಇರುವವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ಸಾಮಾನ್ಯವಾಗಿ ಒಪ್ಪುವುದಿಲ್ಲ, ಬೇಟೆಯ ಲೈಸೆನ್ಸ್ ಇರುವವರಿಗೆ ವಿನಾಯಿತಿಯಂಥ ಕೆಲವು ಅಪವಾದಗಳಿವೆ. ಸ್ನೇಹಿತರು ಕಟ್ಟಿದರು ಅಂತ ನೀವೂ ಕಟ್ಟಲು ಹೋಗುವ ಮೊದಲು ವಕೀಲರನ್ನು ಕೇಳಿ. ರಾಜ್ಯದಿಂದ ರಾಜ್ಯಕ್ಕೂ ನಿಯಮ ಬೇರೆ, ಟೆಕ್ಸಾಸಿನಲ್ಲಿ ನಡೆಯುವುದು ಕ್ಯಾಲಿಫೋರ್ನಿಯಾದಲ್ಲಿ ನಡೆಯುವುದಿಲ್ಲ.

ಈಗ ನೀವು ಮುಂದಿನ ಸಲ ರೇಂಜಿಗೆ ಹೋಗಿ ಬಂದ ಮೇಲೆ ನನಗೆ ಇಷ್ಟು ಬರೆಯಿರಿ: ಯಾವ ನಂಬರಿನ ಮ್ಯಾಗಝಿನ್, ತೋಟಾದ ಮೂತಿ ಎಲ್ಲಿ ನಿಂತಿತ್ತು, ಒಂದು ತೋಟಾದ ಪರೀಕ್ಷೆಯಲ್ಲಿ ಐದರಲ್ಲಿ ಎಷ್ಟು ಸಲ ಬೋಲ್ಟ್ ಹಿಂದೆ ನಿಂತಿತು, ಖಾಲಿ ಕೇಸ್ ಯಾವ ಗಂಟೆಯ ಕಡೆ ಬಿತ್ತು. ಫೋಟೊ ಇದ್ದರೆ ಇನ್ನೂ ಒಳ್ಳೆಯದು. ನೋಡಿ ಹೇಳುತ್ತೇನೆ.