ಪ್ಲಾಸ್ಟಿಕ್ ಮಣಿಯಿಂದ ನೀರು ತೊಳೆಯೋದೇ?

ಓದುಗರೊಬ್ಬರ ಪತ್ರ: “ಪಾಲಿಮರ್ ಮಣಿಗಳು ನೀರಿನ ವಿಷ ಹೀರುತ್ತವೆ ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ನೀರು ಕೆಡಿಸಿದ್ದೇ ಪ್ಲಾಸ್ಟಿಕ್ಕು, ಈಗ ತೊಳೆಯುವುದೂ ಅದೇನಾ? ಆ ಮಣಿಯೇ ನೀರಿಗೆ ಪ್ಲಾಸ್ಟಿಕ್ ಬಿಡುವುದಿಲ್ಲವೇ? ಇದ್ದಿಲು ಸಾಲದೇ?”

ಸಂಪಾದಕರ ಉತ್ತರ:

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ‘ಹೀರುತ್ತವೆ’ ಅಂತ ಬರೆಯಬಾರದಿತ್ತು. ಇದು ಸ್ಪಂಜಿನ ಕೆಲಸ ಅಲ್ಲ. ವಿಷದ ಅಣುಗಳು ಮಣಿಯ ಮೈಗೆ ಬಂದು ಅಂಟಿಕೊಳ್ಳುತ್ತವೆ, ಅಷ್ಟೇ. ಹಾಗಾಗಿ ಮೈ ಎಷ್ಟು ದೊಡ್ಡದು ಅನ್ನುವುದೇ ಮುಖ್ಯ. ಸ್ಟೈರೀನ್ ಮತ್ತು ಡೈವಿನೈಲ್‌ಬೆಂಜೀನ್ ಎಂಬ ರಾಸಾಯನಿಕಗಳನ್ನು ಹೆಣೆದು ಮಾಡುವ ಈ ಮಣಿ ಸುಮಾರು ಒಂದು ಮಿಲಿಮೀಟರ್, ಹಲವು ಸಲ ಅದಕ್ಕಿಂತಲೂ ಸಣ್ಣದು, ಆದರೆ ಒಳಗೆಲ್ಲ ತೂತೇ ತೂತು. ಒಂದು ಗ್ರಾಂ ಮಣಿಗಳ ಒಳಮೈಯನ್ನು ಬಿಡಿಸಿ ಹಾಸಿದರೆ ಕೆಲವು ನೂರು ಚದರ ಮೀಟರ್ ಆಗುತ್ತದೆ.

ನೀರು ಸೋಸಲೆಂದೇ ಹದಮಾಡಿದ ಒಳ್ಳೆಯ ಇದ್ದಿಲಿನದು (ಆಕ್ಟಿವೇಟೆಡ್ ಕಾರ್ಬನ್) ಗ್ರಾಮಿಗೆ ಸುಮಾರು 1000 ಚದರ ಮೀಟರ್. ಹಾಗಾದರೆ ಇದ್ದಿಲೇ ಮೇಲು ಅಲ್ವಾ? ಎಷ್ಟೋ ಕಡೆ ಹೌದು, ಅಗ್ಗವೂ ಹೌದು. ಆದರೆ ಅದಕ್ಕೆ ಆಯ್ಕೆ ಕಡಿಮೆ. ಕೊಳೆತ ಎಲೆ, ಮಣ್ಣಿನಿಂದ ಬಂದ ನಿರಪಾಯದ ಕಸವೂ ಅದರ ಜಾಗ ತುಂಬಿಬಿಡುತ್ತದೆ, ವಿಷಕ್ಕೆ ಜಾಗ ಉಳಿಯುವುದಿಲ್ಲ. ಮತ್ತೆ ಬಳಸಬೇಕಾದರೆ ಸಾಮಾನ್ಯವಾಗಿ 800 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಬೇಕು. ಪಾಲಿಮರ್ ಮಣಿಯನ್ನಾದರೆ ಅಂಟಿದ್ದು ಏನು ಅಂತ ನೋಡಿ ಆಲ್ಕೋಹಾಲಿನಲ್ಲೋ ಉಪ್ಪುನೀರಿನಲ್ಲೋ ತೊಳೆದರೆ ಸಾಕು.

ಇನ್ನೊಂದು, ಇದನ್ನು ಬೇಕಾದ ಹಾಗೆ ಮಾಡಿಕೊಳ್ಳಬಹುದು. ಫಿನಾಲ್‌ನಂಥ ಸಾವಯವ ವಿಷಕ್ಕೆ ಬರೀ ಮಣಿ ಸಾಕು. ಸೀಸಕ್ಕೋ ನೈಟ್ರೇಟಿಗೋ ಆದರೆ ಮೈಮೇಲೆ ವಿದ್ಯುದಂಶದ ಕೊಂಡಿಗಳನ್ನು ಕೂರಿಸಬೇಕು. ಹೀಗೆ ವಿದ್ಯುದಂಶದ ಕೊಂಡಿ ಇರುವ ರೆಸಿನ್ (ಕೃತಕ ಪಾಲಿಮರ್) ಹೊಸದೇನಲ್ಲ, 1935ರಲ್ಲೇ ಇಂಗ್ಲೆಂಡಿನ ಆಡಮ್ಸ್ ಮತ್ತು ಹೋಮ್ಸ್ ಮಾಡಿ ತೋರಿಸಿದ್ದರು. ನನಗೆ ಜಾಸ್ತಿ ಇಷ್ಟವಾದದ್ದು ಸೈಕ್ಲೋಡೆಕ್ಸ್‌ಟ್ರಿನ್. ಪಿಷ್ಟದಿಂದ ಮಾಡುವ ಪುಟ್ಟ ಬಳೆ ಅದು, ನಡುವೆ ಒಂದು ಗೂಡು. 2016ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ವಿಲಿಯಂ ಡಿಕ್ಟೆಲ್ ತಂಡ ಈ ಬಳೆಗಳನ್ನು ಹೆಣೆದು ತೂತುತೂತಾದ ಪಾಲಿಮರ್ ಮಾಡಿತು. ಪ್ಲಾಸ್ಟಿಕ್ಕಿನಿಂದಲೇ ನೀರಿಗೆ ಸೋರುವ ಬಿಸ್‌ಫಿನಾಲ್-ಎ ಕೆಲವೇ ಸೆಕೆಂಡುಗಳಲ್ಲಿ ಆ ಗೂಡಿನೊಳಗೆ ಹೋಗಿ ಕೂತಿತು!

ಮಣಿಯೇ ನೀರಿಗೆ ಪ್ಲಾಸ್ಟಿಕ್ ಬಿಡುವುದಿಲ್ಲವೇ ಅನ್ನುವ ನಿಮ್ಮ ಅನುಮಾನ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಎಳೆಗಳು ಒಂದಕ್ಕೊಂದು ಬೆಸೆದಿರುವುದರಿಂದ ಅದು ಕರಗುವುದಿಲ್ಲ. ಆದರೆ ಹೊಸ ಮಣಿಯಲ್ಲಿ ತಯಾರಿಕೆಯ ಚೂರುಪಾರು ಉಳಿದಿರುತ್ತದೆ, ಅದಕ್ಕೇ ಮೊದಲು ಚೆನ್ನಾಗಿ ತೊಳೆಯುತ್ತಾರೆ. ಕ್ಲೋರಿನ್ ನೀರು ಎಷ್ಟೋ ದಿನ ಹರಿದರೆ ಬೆಸುಗೆಯೂ ಹಾಳಾಗುತ್ತದೆ. ರೋಗಾಣುಗಳನ್ನಂತೂ ಇದು ಕೊಲ್ಲುವುದಿಲ್ಲ, ಮಣಿಯ ಮೇಲೆಯೇ ಅವು ಬೆಳೆಯಲೂಬಹುದು.

ಮಣಿ ತುಂಬಿದ್ದು ಕಣ್ಣಿಗೆ ಕಾಣುವುದೂ ಇಲ್ಲ. ನೀರು ತಿಳಿಯಾಗಿಯೇ ಬರುತ್ತಿರುತ್ತದೆ, ಒಂದು ದಿನ ವಿಷವೂ ಜೊತೆಗೆ ಬರಲು ಶುರುವಾಗುತ್ತದೆ. ಪರೀಕ್ಷೆ ಮಾಡಿಸದೆ ತಿಳಿಯುವುದಿಲ್ಲ. ತೊಳೆದಾಗ ಹೊರಬಿದ್ದ ವಿಷವೂ ಎಲ್ಲೂ ಹೋಗಿರುವುದಿಲ್ಲ, ಸ್ವಲ್ಪ ದ್ರವದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಪಿಎಫ್‌ಎಎಸ್‌ನಂಥ ಸುಲಭಕ್ಕೆ ಒಡೆಯದ ರಾಸಾಯನಿಕವಾದರೆ ಆ ದ್ರವವನ್ನು ಏನು ಮಾಡುವುದು ಅನ್ನುವುದೇ ದೊಡ್ಡ ಖರ್ಚಿನ ಬಾಬತ್ತು. ಹೋದ ಸಂಚಿಕೆಯ ಲೇಖನದಲ್ಲಿ ಇದರ ಸುದ್ದಿಯೇ ಇರಲಿಲ್ಲ.